ಓದುಗರ ಪ್ರಶ್ನೆಗೆ ಉತ್ತರ: ಸಣ್ಣ ಪ್ರಾಣಿಗೆ ಯಾವ ತೋಟಾ?

ಪ್ರಶ್ನೆ: ನಾನು ಗೌರಿಬಿದನೂರು ತಾಲ್ಲೂಕಿನ ರೈತ. ನನ್ನ ಮಗ ಅಮೆರಿಕದ ದಕ್ಷಿಣ ಡಕೋಟ ರಾಜ್ಯದಲ್ಲಿ ಕೃಷಿ ವಿಜ್ಞಾನ ಓದುತ್ತಿದ್ದಾನೆ. ಹುಲ್ಲುಗಾವಲನ್ನು ತೋಡಿ ಹಾಳುಮಾಡುವ ಪ್ರೇರಿ ನಾಯಿಗಳನ್ನು ಹೊಡೆಯಲು ಅಲ್ಲಿನ ಜಮೀನುದಾರರೊಬ್ಬರು ಅವನನ್ನು ಕರೆದಿದ್ದಾರೆ. ಯಾವ ತೋಟಾ ಸರಿ ಎಂದು ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರಂತೆ. ಇಲ್ಲಿ ನಮ್ಮ ಕಡ್ಲೆಕಾಯಿ ಹೊಲಕ್ಕೂ ಮೊಲ, ಕಾಡುಹಂದಿಗಳ ಕಾಟ ವಿಪರೀತವಾಗಿದೆ. ಅಂಥದೇ ರೈಫಲ್ಲನ್ನು ನಾವು ಬಳಸಬಹುದೇ? ಅವನು ಊರಿಗೆ ಬರುವಾಗ ನೆನಪಿಗೆಂದು ನಾಲ್ಕು ತೋಟಾ ತಂದರೆ ತೊಂದರೆಯಾದೀತೇ?

ಉತ್ತರ: ತೋಟಾ ಆರಿಸುವುದಕ್ಕಿಂತ ಮೊದಲು ನಿಮ್ಮ ಮಗನ ಕೈಯಲ್ಲಿ ಒಂದು ಕಾಗದ ಇರಬೇಕು. ವಿದ್ಯಾರ್ಥಿ ವೀಸಾದಂಥ ತಾತ್ಕಾಲಿಕ ವೀಸಾದ ಮೇಲೆ ಅಮೆರಿಕದಲ್ಲಿರುವವರು ಬಂದೂಕನ್ನಾಗಲಿ ತೋಟಾವನ್ನಾಗಲಿ ಇಟ್ಟುಕೊಳ್ಳುವುದನ್ನು ಅಲ್ಲಿನ ಕೇಂದ್ರ ಕಾನೂನು ನಿಷೇಧಿಸುತ್ತದೆ. ಅಲ್ಲಿನ ಒಂದು ರಾಜ್ಯ ಕೊಟ್ಟ, ಅವಧಿ ಮುಗಿಯದ ಬೇಟೆ ಪರವಾನಗಿ ಇದ್ದವರಿಗೆ ಈ ನಿಷೇಧದಿಂದ ವಿನಾಯಿತಿ ಸಿಗುತ್ತದೆ. ಜಮೀನಿನ ಒಡೆಯರು ಎಷ್ಟೇ ಆದರದಿಂದ ಕರೆದಿದ್ದರೂ ಆ ಪರವಾನಗಿ ಪಡೆಯುವವರೆಗೆ ಅವನು ಅವರ ರೈಫಲ್ಲನ್ನು ಮುಟ್ಟಬಾರದು. ಓದಿಗೆ ಹೋದ ಹುಡುಗ ವೀಸಾ ಕಳೆದುಕೊಂಡು ಹಿಂದಿರುಗುವಂತಾಗಬಾರದೆಂಬ ಕಳಕಳಿಯಿಂದ ಇದನ್ನು ಮೊದಲೇ ಬರೆಯುತ್ತಿದ್ದೇನೆ.

ಪ್ರೇರಿ ನಾಯಿ ಹೆಸರಿಗೆ ಮಾತ್ರ ನಾಯಿ. ಅದು ಅಳಿಲಿನ ಕುಲಕ್ಕೆ ಸೇರಿದ, ಬಿಲದಲ್ಲಿ ಗುಂಪಾಗಿ ಬದುಕುವ, ಸುಮಾರು ಒಂದು ಕಿಲೋ ತೂಗುವ ಪ್ರಾಣಿ. ಅಪಾಯ ಕಂಡಾಗ ಬೊಗಳಿದಂತೆ ಕೂಗುವುದರಿಂದ ಆ ಹೆಸರು ಬಂದಿದೆ. ಬಿಲದ ಬಾಯಲ್ಲಿ ಹಿಂಗಾಲ ಮೇಲೆ ನಿಂತಾಗ ಅದು ಒಂದಡಿಗಿಂತ ಸ್ವಲ್ಪ ಎತ್ತರವಿರುತ್ತದೆ, ಗುರಿಯಿಡಬೇಕಾದ ಎದೆಯ ಭಾಗವಂತೂ ಮೂರು ಅಂಗುಲವನ್ನು ಮೀರುವುದಿಲ್ಲ. ಇಷ್ಟು ಸಣ್ಣ ಜೀವಕ್ಕೆ ದೊಡ್ಡ ಗುಂಡು ಬೇಕಾಗಿಲ್ಲ. ಗುಂಡು ಗುರಿಯಿಟ್ಟಲ್ಲೇ ಬೀಳಬೇಕು, ಬಿದ್ದ ಮೇಲೆ ಅಲ್ಲೇ ನಿಲ್ಲಬೇಕು. ತೋಟಾ ಆರಿಸುವಾಗ ಎರಡನೆಯದನ್ನು ಹೆಚ್ಚಿನವರು ಮರೆಯುತ್ತಾರೆ.

ಅದನ್ನು ನಾನು ಕಲಿತದ್ದು ತುಮಕೂರಿನ ಹೊರವಲಯದ ಒಂದು ಅಭ್ಯಾಸ ಬಯಲಿನಲ್ಲಿ. ಗುಂಡು ತಡೆಯಲೆಂದು ಹಾಕಿದ್ದ, ಮಳೆಗೆ ಕೊರೆದುಹೋದ ಮಣ್ಣಿನ ದಿಣ್ಣೆಯೊಳಗಿಂದ ಮುಷ್ಟಿ ಗಾತ್ರದ ಕಲ್ಲೊಂದು ಹೊರಗೆ ಇಣುಕಿತ್ತು. ನಾನು ಹೊಡೆದ .22 ಗುಂಡು (ಅಡ್ಡಳತೆ ಸುಮಾರು ಒಂದು ಅಂಗುಲದ ನೂರರಲ್ಲಿ 22 ಭಾಗ) ಅದಕ್ಕೆ ತಾಗಿ, ಗುಂಯ್ ಎಂದು ಹಾಡುತ್ತಾ ದಿಣ್ಣೆಯನ್ನು ದಾಟಿ ಹೋಯಿತು. ನಮ್ಮ ಗುರುಗಳು ಒಂದು ಮಾತನ್ನೂ ಆಡದೆ ಎಲ್ಲರ ರೈಫಲ್ಲುಗಳನ್ನು ಖಾಲಿ ಮಾಡಿಸಿ, ಗುದ್ದಲಿ ತರಿಸಿ, ಆ ದಿನವಿಡೀ ದಿಣ್ಣೆಯಿಂದ ಕಲ್ಲು ಆರಿಸಿದರು. .22 ಲಾಂಗ್ ರೈಫಲ್ ತೋಟಾದ ಪೆಟ್ಟಿಗೆಯ ಮೇಲೆ ಗುಂಡು ಒಂದೂವರೆ ಮೈಲಿಯವರೆಗೆ ಹೋಗಬಲ್ಲದೆಂಬ ಎಚ್ಚರಿಕೆ ಅಚ್ಚಾಗಿರುತ್ತದೆ. ಒಂದೂವರೆ ಮೈಲಿ ಎಂದರೆ ನಿಮ್ಮ ಹೊಲದಿಂದ ಪಕ್ಕದ ಊರಿನ ಅರಳಿಕಟ್ಟೆಯವರೆಗಿನ ದೂರ.

ಈ .22 ಲಾಂಗ್ ರೈಫಲ್ 1887ರಿಂದ ಬಳಕೆಯಲ್ಲಿದೆ. ಗುಂಡು, ಮದ್ದಿನ ಕೋಶ ಎರಡೂ ಸೇರಿದ ಇಡೀ ತೋಟಾ ಒಂದು ಒಳ್ಳೆಯ ಕಡ್ಲೆಕಾಯಿಯಷ್ಟು ಉದ್ದ, ಅಂದರೆ ಸುಮಾರು 25 ಮಿಲಿಮೀಟರ್ ಇರುತ್ತದೆ. 40 ಗ್ರೇನ್, ಅಂದರೆ ಸುಮಾರು ಎರಡೂವರೆ ಗ್ರಾಂ ತೂಕದ ಸೀಸದ ಗುಂಡು ಸೆಕೆಂಡಿಗೆ ಸುಮಾರು 370 ಮೀಟರ್ ವೇಗದಲ್ಲಿ ಹೊರಡುತ್ತದೆ. ಬೆಲೆ ಕಡಿಮೆ, ಸದ್ದು ಕಡಿಮೆ, ಹಿಂದೊದೆತ ಇಲ್ಲವೆನ್ನುವಷ್ಟು ಕಡಿಮೆ. ಆದರೆ ಗುಂಡು ನಿಧಾನವಾದ್ದರಿಂದ ಬೇಗ ಬಾಗುತ್ತದೆ. 50 ಗಜದಲ್ಲಿ ಗುರಿಗೆ ಸರಿಯಾಗಿ ತಾಗುವಂತೆ ಹೊಂದಿಸಿದ ರೈಫಲ್ಲಿನ ಗುಂಡು 100 ಗಜದಲ್ಲಿ ಸುಮಾರು ಆರು ಅಂಗುಲ ಕೆಳಗೆ ಬೀಳುತ್ತದೆ. ಮೂರಂಗುಲದ ಗುರಿಗೆ ಆರಂಗುಲದ ಇಳಿತವೆಂದರೆ ಪ್ರಾಣಿ ಗಾಯಗೊಂಡು ಬಿಲ ಸೇರಿ ನರಳಿ ಸಾಯುತ್ತದೆ. ಆದ್ದರಿಂದ 70 ಗಜದಾಚೆಗೆ ಇದನ್ನು ಬಳಸಬಾರದೆಂಬುದು ನನ್ನ ಖಚಿತವಾದ ಅಭಿಪ್ರಾಯ. ನಿಧಾನವಾದ ಸೀಸದ ಗುಂಡು ಗಟ್ಟಿ ನೆಲಕ್ಕೆ ತಾಗಿದಾಗ ಒಡೆಯದೆ ಚಿಮ್ಮುವ ಸಂಭವವೂ ಹೆಚ್ಚು.

2002ರಲ್ಲಿ ಬಂದ .17 ಎಚ್‌ಎಂಆರ್ ಎಂಬ ತೋಟಾ ಈ ಕೊರತೆಯನ್ನು ಬಹುಮಟ್ಟಿಗೆ ತುಂಬಿತು. ಗುಂಡಿನ ತೂಕ ಬರೀ 17 ಗ್ರೇನ್, ವೇಗ ಸೆಕೆಂಡಿಗೆ ಸುಮಾರು 775 ಮೀಟರ್. 150 ಗಜದವರೆಗೆ ಅದು ಹೆಚ್ಚುಕಡಿಮೆ ನೇರವಾಗಿಯೇ ಹೋಗುತ್ತದೆ, ತಾಗಿದೊಡನೆ ಚೂರುಚೂರಾಗುತ್ತದೆ. ಅದರ ಶತ್ರು ಗಾಳಿ. ಗಂಟೆಗೆ 16 ಕಿಲೋಮೀಟರಿನ ಅಡ್ಡಗಾಳಿ 100 ಗಜದಲ್ಲೇ ಅದನ್ನು ಸುಮಾರು ನಾಲ್ಕು ಅಂಗುಲ ಪಕ್ಕಕ್ಕೆ ತಳ್ಳುತ್ತದೆ, ಡಕೋಟದ ಬಯಲಿನಲ್ಲಾದರೋ ಗಾಳಿಗೆ ತಡೆಯೇ ಇಲ್ಲ.

ಹಾಗಾಗಿ ನಿಮ್ಮ ಮಗನಿಗೆ ನಾನು ಹೇಳುವುದು .223 ರೆಮಿಂಗ್ಟನ್ ಎಂಬ ತೋಟಾ. ಗುಂಡಿನ ಅಡ್ಡಳತೆ .22ರದಷ್ಟೇ ಇದ್ದರೂ ಅದರ ಹಿಂದಿನ ಹಿತ್ತಾಳೆ ಕೋಶದಲ್ಲಿ ತುಂಬಿರುವ ಮದ್ದು ಬಹಳ ಹೆಚ್ಚು; 55 ಗ್ರೇನ್ ಗುಂಡು ಸೆಕೆಂಡಿಗೆ ಸುಮಾರು 990 ಮೀಟರ್ ವೇಗದಲ್ಲಿ ಹೊರಡುತ್ತದೆ, ನಳಿಗೆಯ ಬಾಯಲ್ಲಿ ಅದರ ಶಕ್ತಿ .22 ಲಾಂಗ್ ರೈಫಲ್ಲಿನ ಹತ್ತು ಪಟ್ಟು. 250 ಗಜದವರೆಗೆ ಹೊಸಬರೂ ನೆಚ್ಚಬಹುದು. ಒದೆತ ಕಡಿಮೆಯಾದ್ದರಿಂದ ಗುಂಡು ಎಲ್ಲಿ ಬಿತ್ತೆಂಬುದನ್ನು ದುರ್ಬೀನಿನಿಂದ ಕಣ್ಣು ತೆಗೆಯದೆಯೇ ನೋಡಬಹುದು. ಕಲಿಯುವವನಿಗೆ ಇದಕ್ಕಿಂತ ದೊಡ್ಡ ಅನುಕೂಲವಿಲ್ಲ. .22-250 ಎಂಬ ತೋಟಾ ಇನ್ನೂ ವೇಗದ್ದು, ಆದರೆ ಅಷ್ಟೇ ಸಣ್ಣ ನಳಿಗೆಯಲ್ಲಿ ಹೆಚ್ಚು ಮದ್ದು ಉರಿಯುವುದರಿಂದ ನಳಿಗೆ ಬೇಗ ಕಾಯುತ್ತದೆ, ಬೇಗ ಸವೆಯುತ್ತದೆ. ದಿನಕ್ಕೆ ನೂರು ಗುಂಡು ಹಾರಿಸುವ ಕೆಲಸಕ್ಕೆ ಅದು ತಕ್ಕದ್ದಲ್ಲ.

.223 ಕೊಳ್ಳುವಾಗ ಎರಡು ಸಂಗತಿಗಳನ್ನು ಗಮನಿಸಲಿ. ಗುಂಡನ್ನು ತಿರುಗಿಸುವ, ನಳಿಗೆಯ ಒಳಗಿನ ಸುರುಳಿ ಗೀರು 12 ಅಂಗುಲಕ್ಕೆ ಒಂದು ಸುತ್ತು ಹಾಕುವಂತಿದ್ದರೆ 55 ಗ್ರೇನಿನವರೆಗಿನ ಹಗುರ ಗುಂಡು ಹೊಂದುತ್ತದೆ. 7 ಅಂಗುಲಕ್ಕೆ ಒಂದು ಸುತ್ತು ಇರುವುದು ಭಾರದ ಗುಂಡಿಗೆ ಮಾಡಿದ್ದು. ಇನ್ನೊಂದು, ಸೈನ್ಯದ 5.56 ತೋಟಾ ನೋಡಲು ಇದರಂತೆಯೇ ಇದ್ದರೂ ಅದರ ಒತ್ತಡ ಹೆಚ್ಚಿರಬಹುದಾದ್ದರಿಂದ .223 ಎಂದಷ್ಟೇ ಗುರುತಿರುವ ರೈಫಲ್ಲಿಗೆ ಅದನ್ನು ತುಂಬಬಾರದು. ಗುಂಡಿನ ಮೈತುಂಬ ತಾಮ್ರದ ಹೊದಿಕೆಯಿರುವ ಸೈನಿಕ ಮಾದರಿಯೂ ಬೇಡ, ಅದು ಪ್ರಾಣಿಯನ್ನು ತೂರಿ ಮುಂದೆ ಹೋಗುತ್ತದೆ. ತುದಿಯಲ್ಲಿ ಪ್ಲಾಸ್ಟಿಕ್ ಮೊನೆಯಿರುವ, ತೆಳು ಹೊದಿಕೆಯ, ತಾಗಿದಲ್ಲೇ ಒಡೆಯುವ ಗುಂಡನ್ನು ಕೇಳಿ ಪಡೆಯಲಿ. ಸತ್ತ ಪ್ರಾಣಿಗಳನ್ನು ಬಯಲಲ್ಲೇ ಬಿಟ್ಟರೆ ಸೀಸದ ಚೂರುಗಳು ಹದ್ದುಗಳ ಹೊಟ್ಟೆ ಸೇರಿ ವಿಷವಾಗುತ್ತವೆ. ಸೀಸವಿಲ್ಲದ ಗುಂಡು ದುಬಾರಿಯಾದರೂ ಸಿಗುತ್ತದೆ, ಅದನ್ನೇ ಕೊಳ್ಳಲಿ ಎಂದು ನಾನು ಕೇಳಿಕೊಳ್ಳುತ್ತೇನೆ.

ಇನ್ನು ನಿಮ್ಮ ಹೊಲದ ಮಾತು. ಅಲ್ಲಿ ಅಂಥ ರೈಫಲ್ಲನ್ನು ಬಳಸುವಂತಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಮೊಲ, ಕಾಡುಹಂದಿ ಎರಡೂ ಸಂರಕ್ಷಿತ ಪ್ರಾಣಿಗಳು. ನವಿಲು ಮತ್ತು ಮಧುಗಿರಿಯ ಮೈದನಹಳ್ಳಿ ಕಡೆಯ ಕೃಷ್ಣಮೃಗಗಳಂತೂ ಮೊದಲನೆಯ ಪಟ್ಟಿಯಲ್ಲಿವೆ, ಅವುಗಳನ್ನು ಕೊಂದರೆ ಮೂರರಿಂದ ಏಳು ವರ್ಷ ಸೆರೆವಾಸ. ಹಂದಿಯ ಹಾವಳಿ ನಿಲ್ಲದಿದ್ದರೆ ಅದೇ ಕಾಯ್ದೆಯ 11ನೇ ಕಲಮಿನ ಪ್ರಕಾರ ಮುಖ್ಯ ವನ್ಯಜೀವಿ ಪರಿಪಾಲಕರು ಅಥವಾ ಅವರು ಅಧಿಕಾರ ಕೊಟ್ಟವರು, ನಿಂತ ಬೆಳೆಗೆ ಅಪಾಯವಾಗಿದೆಯೆಂದು ಮನಗಂಡಾಗ, ಅದನ್ನು ಹೊಡೆಯಲು ಲಿಖಿತ ಆದೇಶ ಕೊಡಬಹುದು. ಆದ್ದರಿಂದ ಅರ್ಜಿಯನ್ನು ವಲಯ ಅರಣ್ಯಾಧಿಕಾರಿಗಳ ಕಚೇರಿಗೆ ಕೊಡಿ, ಹಾಳಾದ ಸಾಲುಗಳ ಫೋಟೊ ತೆಗೆದಿಟ್ಟು ಬೆಳೆ ಪರಿಹಾರವನ್ನೂ ಕೇಳಿ. ಬೆಳೆ ರಕ್ಷಣೆಗೆಂದು 1959ರ ಶಸ್ತ್ರಾಸ್ತ್ರ ಕಾಯ್ದೆ ಹೆಸರಿಸುವುದು ಬಾಯಿಯಿಂದ ಮದ್ದು ತುಂಬುವ ಕೋವಿಯನ್ನು, ರೈಫಲ್ಲನ್ನಲ್ಲ. ಕೋವಿಗೆ ಲೈಸೆನ್ಸ್ ಇದೆಯೆಂದ ಮಾತ್ರಕ್ಕೆ ಪ್ರಾಣಿಯನ್ನು ಹೊಡೆಯುವ ಅನುಮತಿಯೂ ಸಿಕ್ಕಿತೆಂದು ನಮ್ಮ ಹಳ್ಳಿಗಳಲ್ಲಿ ಅನೇಕರು ನಂಬಿದ್ದಾರೆ, ಅದು ತಪ್ಪು. ಅಲ್ಲದೆ ಗೌರಿಬಿದನೂರಿನಿಂದ ಕೋಲಾರದವರೆಗೆ ನಮ್ಮ ಹೊಲಗಳ ನಡುನಡುವೆ ಬಂಡೆಗಳಿವೆ, ಬದುಗಳ ಮೇಲೆ ಕುರಿ ಕಾಯುವವರಿರುತ್ತಾರೆ. ರೈಫಲ್ ಗುಂಡು ಬಂಡೆಗೆ ತಾಗಿ ಯಾವ ಕಡೆ ತಿರುಗೀತೆಂದು ಹೇಳುವವರಿಲ್ಲ.

ನೆನಪಿನ ತೋಟಾಗಳನ್ನು ತರುವುದು ಖಂಡಿತ ಬೇಡ. ಲೈಸೆನ್ಸ್ ಇಲ್ಲದೆ ಒಂದೇ ಒಂದು ಜೀವಂತ ತೋಟಾ ಚೀಲದಲ್ಲಿದ್ದರೂ ದೇವನಹಳ್ಳಿಯ ವಿಮಾನ ನಿಲ್ದಾಣದಲ್ಲಿ ಅದು ಪೊಲೀಸ್ ಪ್ರಕರಣವಾಗುತ್ತದೆ. ಶಸ್ತ್ರಾಸ್ತ್ರ ಕಾಯ್ದೆಯ ವ್ಯಾಖ್ಯೆಯಲ್ಲಿ ಮದ್ದುಗುಂಡಿನ ಬಿಡಿಭಾಗಗಳೂ ಸೇರಿರುವುದರಿಂದ ಖಾಲಿ ಹಿತ್ತಾಳೆ ಕೋಶವನ್ನೂ ಅಲ್ಲೇ ಬಿಟ್ಟು ಬರಲಿ. ಬೇಟೆಗೆ ಒಯ್ದ ಚೀಲವನ್ನೇ ಪ್ರಯಾಣಕ್ಕೂ ತರುವುದಾದರೆ ಅದರ ಒಂದೊಂದು ಜೇಬನ್ನೂ ತಿರುವಿ, ಒದರಿ ನೋಡಿದ ಮೇಲೆಯೇ ಬಟ್ಟೆ ತುಂಬಲು ಹೇಳಿ.