ಹಳೆ ಪಿಕಪ್ ಟ್ರಕ್ಕಿನ ಚಾಸಿಗೆ ಪೆಟ್ರೋಲ್ ಟ್ಯಾಂಕ್ ಭದ್ರವಾಗಿ ಕೂರಿಸುವುದು ಹೇಗೆ?

ಟ್ಯಾಂಕನ್ನು ಚಾಸಿಗೆ ನೇರವಾಗಿ ಬೋಲ್ಟ್ ಹಾಕಿ ಬಿಗಿಯಬೇಡಿ. ಎರಡು ಉಕ್ಕಿನ ಪಟ್ಟಿಗಳಲ್ಲಿ ತೂಗುಹಾಕಿ, ಟ್ಯಾಂಕಿಗೆ ತಾಗುವ ಕಡೆಯೆಲ್ಲ ರಬ್ಬರ್ ಇಡಿ. ಒಂದು ಚಕ್ರ ಗುಂಡಿಗೆ ಇಳಿದರೆ ಸಾಕು, ಚಾಸಿ ಸ್ವಲ್ಪ ತಿರುಚಿಕೊಳ್ಳುತ್ತದೆ. ಬಿಗಿದ ಟ್ಯಾಂಕೂ ಅದರ ಜೊತೆ ತಿರುಚಿ, ಕೊನೆಗೆ ಬೆಸುಗೆಯಲ್ಲಿ ಬಿರುಕು ಬಿಡುತ್ತದೆ. ರಬ್ಬರ್ ಇದ್ದರೆ ಆ ಎಳೆದಾಟವನ್ನು ಅದೇ ನುಂಗಿಕೊಳ್ಳುತ್ತದೆ. ತಗಡು ಉಜ್ಜಿ ಸವೆಯುವುದೂ ತಪ್ಪುತ್ತದೆ.

ಜಾಗ? 1967ರಿಂದ 1972ರವರೆಗಿನ ಷೆವ್ರೊಲೆ ಪಿಕಪ್‌ಗಳಲ್ಲಿ ಟ್ಯಾಂಕ್ ಕ್ಯಾಬಿನ್ ಒಳಗೆ, ಸೀಟಿನ ಬೆನ್ನಿಗೇ ಇರುತ್ತಿತ್ತು. ಭಯ ಆಗುತ್ತೆ ಅಲ್ವಾ? ಅದಕ್ಕೇ ಈಗ ಹಲವರು ಅದನ್ನು ಹಿಂದಿನ ಆಕ್ಸಲ್ ಆಚೆ, ಚಾಸಿಯ ಎರಡು ಉದ್ದ ತೊಲೆಗಳ ನಡುವೆ ಹಾಕಿಸುತ್ತಾರೆ. 75 ಲೀಟರ್ ಪೆಟ್ರೋಲೇ ಸುಮಾರು 55 ಕೆಜಿ ತೂಗುತ್ತದೆ. ಹಾಗಾಗಿ ಪಟ್ಟಿ ಸಿಕ್ಕಿಸುವ ಬ್ರಾಕೆಟ್ ದಪ್ಪ ಇರಲಿ. ವೆಲ್ಡಿಂಗ್ ಎಲ್ಲ ಟ್ಯಾಂಕ್ ಏರಿಸುವ ಮೊದಲೇ ಮುಗಿಸಿ.