ಅಪ್‌ಡೇಟ್ ಆದಾಗಲೆಲ್ಲ ರೀಸ್ಟಾರ್ಟ್ ಬೇಕೇ?

ನಮಸ್ಕಾರ. ಇಳಕಲ್ಲಿನ ನಿಮ್ಮ ಸೀರೆ ಅಂಗಡಿಯ ಉಬುಂಟು ಎಂಬ ಆಪರೇಟಿಂಗ್ ಸಿಸ್ಟಂ ಇರುವ ಕಂಪ್ಯೂಟರನ್ನು ಪ್ರತಿ ಅಪ್‌ಡೇಟಿನ ನಂತರವೂ ರೀಸ್ಟಾರ್ಟ್ ಮಾಡಲೇಬೇಕೇ ಎಂದು ಕೇಳಿದ್ದೀರಿ. ಪ್ರತಿ ಸಲವೂ ಬೇಕಿಲ್ಲ. ಬ್ರೌಸರ್, ಲಿಬ್ರೆಆಫೀಸ್‌ನಂಥವು ಹೊಸದಾದರೆ ಅವುಗಳನ್ನು ಮುಚ್ಚಿ ಮತ್ತೆ ತೆರೆದರೆ ಸಾಕು. ಆದರೆ ಆಪರೇಟಿಂಗ್ ಸಿಸ್ಟಂನ ತಿರುಳಾದ ಕರ್ನೆಲ್ ಬದಲಾದಾಗ, ಹೊಸದು ಡಿಸ್ಕಿನಲ್ಲಿ ಬಂದು ಕುಳಿತಿದ್ದರೂ ಮೆಮೊರಿಯಲ್ಲಿ ಹಳೆಯದೇ ಓಡುತ್ತಿರುವುದರಿಂದ, ಅದರಲ್ಲಿರುವ ಭದ್ರತಾ ತಿದ್ದುಪಡಿಗಳು ಸಾಮಾನ್ಯವಾಗಿ ರೀಸ್ಟಾರ್ಟ್ ಆಗುವವರೆಗೆ ಜಾರಿಗೆ ಬರುವುದಿಲ್ಲ. ಹತ್ತಾರು ಪ್ರೋಗ್ರಾಂಗಳು ಒಟ್ಟಿಗೆ ಬಳಸುವ ಲೈಬ್ರರಿಗಳದ್ದೂ (ಸಿದ್ಧ ಕೋಡ್‌ನ ಕಟ್ಟುಗಳು) ಇದೇ ಕಥೆ. ಒಂದೊಂದನ್ನೇ ಹುಡುಕಿ ಮುಚ್ಚುವ ಗೋಜಿಗಿಂತ ರೀಸ್ಟಾರ್ಟೇ ಸುಲಭ.

ಊಹಿಸುತ್ತ ಕೂರಬೇಕಾಗಿಲ್ಲ. ‘ವಾರ್’ (var) ಫೋಲ್ಡರಿನ ಒಳಗಿನ ‘ರನ್’ (run) ಫೋಲ್ಡರಿನಲ್ಲಿ ‘ರೀಬೂಟ್-ರಿಕ್ವೈರ್ಡ್’ (reboot-required) ಎಂಬ ಫೈಲ್ ಕಂಡರೆ ರೀಸ್ಟಾರ್ಟ್ ಬಾಕಿ ಇದೆ ಎಂದರ್ಥ. ನಾನು ವಿಜಯಪುರದ ನಮ್ಮ ಅಂಗಡಿಯಲ್ಲಿ ರಾತ್ರಿ ಶಟರ್ ಎಳೆಯುವ ಮುನ್ನ ಅದನ್ನೊಮ್ಮೆ ನೋಡಿಕೊಳ್ಳುತ್ತೇನೆ. ಗಿರಾಕಿ ಎದುರಿಗಿರುವಾಗ ಈ ಕೆಲಸಕ್ಕೆ ಕೈ ಹಾಕುವುದು ತರವಲ್ಲ.

ಮನೆಯ ವಿಂಡೋಸ್ ಲ್ಯಾಪ್‌ಟಾಪ್ ಪದೇ ಪದೇ ರೀಸ್ಟಾರ್ಟ್ ಕೇಳುವುದಕ್ಕೆ ಕಾರಣ, ಬಳಕೆಯಲ್ಲಿರುವ ಫೈಲನ್ನು ಬದಲಿಸಲು ಅದು ಸಾಮಾನ್ಯವಾಗಿ ಬಿಡದಿರುವುದು. ಅಲ್ಲಿ ಬೇಗ ಆನ್ ಆಗಲೆಂದು ಇರುವ ‘ಫಾಸ್ಟ್ ಸ್ಟಾರ್ಟಪ್’ ಸೌಲಭ್ಯ ಚಾಲೂ ಇದ್ದರೆ ‘ಶಟ್ ಡೌನ್’ ಮಾಡಿದರೂ ಕರ್ನೆಲ್ಲಿನ ಸ್ಥಿತಿ ಡಿಸ್ಕಿನಲ್ಲಿ ಉಳಿದುಕೊಳ್ಳುವುದರಿಂದ, ‘ರೀಸ್ಟಾರ್ಟ್’ ಅನ್ನೇ ಒತ್ತಿರಿ.