ಗುಟ್ಟು ಗೊತ್ತಿತ್ತು, ಕೇಳುವವರಿರಲಿಲ್ಲ

ಪ್ರಶ್ನೆ: ಮೊದಲ ಮಹಾಯುದ್ಧದಲ್ಲಿ ಬ್ರಿಟಿಷರು ಜರ್ಮನ್ ನೌಕಾಪಡೆಯ ಗುಪ್ತ ಸಂದೇಶಗಳನ್ನು ಓದುತ್ತಿದ್ದರಂತೆ. ಹಾಗಿದ್ದೂ 1916ರಲ್ಲಿ ಡೆನ್ಮಾರ್ಕ್ ಹತ್ತಿರದ ಸಮುದ್ರದಲ್ಲಿ ನಡೆದ ಜಟ್ಲೆಂಡ್ ಕದನದಲ್ಲಿ ಜರ್ಮನ್ನರು ತಪ್ಪಿಸಿಕೊಂಡಿದ್ದು ಹೇಗೆ?

ಉತ್ತರ: ಓದುತ್ತಿದ್ದದ್ದು ನಿಜ. 1914ರ ಆಗಸ್ಟ್‌ನಲ್ಲಿ ಮಾಗ್ಡೆಬರ್ಗ್ ಎಂಬ ಜರ್ಮನ್ ಯುದ್ಧನೌಕೆ ಬಾಲ್ಟಿಕ್ ಸಮುದ್ರದ ಮಂಜಿನಲ್ಲಿ ನೆಲಕ್ಕೆ ಬಡಿದು ಸಿಕ್ಕಿಹಾಕಿಕೊಂಡಿತು. ಅದರ ಕೋಡ್ ಪುಸ್ತಕಗಳು ರಷ್ಯನ್ನರ ಪಾಲಾದವು. ಒಂದು ಪ್ರತಿಯನ್ನು ಅವರು ಲಂಡನ್ನಿಗೆ ಕೊಟ್ಟರು. ಅಲ್ಲಿ ನೌಕಾಪಡೆಯ ಕೇಂದ್ರ ಕಚೇರಿಯ 40ನೇ ನಂಬರ್ ಕೋಣೆಯಲ್ಲಿ ಸಂಕೇತ ಬಿಡಿಸುವವರು ಕೂತರು. ಅದಕ್ಕೇ 'ರೂಮ್ 40' ಎಂಬ ಹೆಸರು.

ಜರ್ಮನ್ನರು ಹೊರಡಲಿದ್ದಾರೆ ಅಂತ ಮೇ 30ರಂದೇ ಇವರಿಗೆ ಗೊತ್ತಾಯಿತು. ಎಷ್ಟರಮಟ್ಟಿಗೆ ಅಂದರೆ, ಜರ್ಮನ್ನರಿಗಿಂತ ಮೊದಲೇ ಬ್ರಿಟಿಷ್ ಅಡ್ಮಿರಲ್ ಜೆಲಿಕೊ ಲಂಗರು ಎತ್ತಿಯಾಗಿತ್ತು!

ಎಡವಟ್ಟಾಗಿದ್ದು ಮರುದಿನ ಮಧ್ಯಾಹ್ನ. ರೂಮ್ 40ರವರು ಮುಂದೆ ಹೇಳಿಕೊಂಡ ಪ್ರಕಾರ, ಕಾರ್ಯಾಚರಣೆ ವಿಭಾಗದ ಮುಖ್ಯಸ್ಥ ಕ್ಯಾಪ್ಟನ್ ಥಾಮಸ್ ಜಾಕ್ಸನ್ ಒಳಗೆ ಬಂದು, 'ಡಿಕೆ' ಎಂಬ ವೈರ್‌ಲೆಸ್ ಗುರುತು ಎಲ್ಲಿಂದ ಕೇಳಿಸುತ್ತಿದೆ ಎಂದು ವಿಚಾರಿಸಿದರು. ವಿಲ್ಹೆಲ್ಮ್ಸ್‌ಹಾಫನ್ ಬಂದರಿನಿಂದ ಎಂಬ ಉತ್ತರ ಬಂತು. ಅಷ್ಟು ಕೇಳಿ ಹೊರಟೇಬಿಟ್ಟರು. 'ಡಿಕೆ' ಜರ್ಮನ್ ಅಡ್ಮಿರಲ್ ಶೇರ್ ಅವರ ಗುರುತೇನೋ ಹೌದು. ಆದರೆ ಸಮುದ್ರಕ್ಕೆ ಇಳಿಯುವಾಗ ಅವರು ಅದನ್ನು ದಡದ ಕೇಂದ್ರಕ್ಕೆ ಬಿಟ್ಟು ಬೇರೆ ಗುರುತು ಹಾಕಿಕೊಳ್ಳುತ್ತಿದ್ದರು. ಕೋಣೆಯಲ್ಲಿದ್ದವರಿಗೆ ಇದು ಗೊತ್ತಿತ್ತು. ಯಾರೂ ಕೇಳಲಿಲ್ಲ, ಅವರೂ ಹೇಳಲಿಲ್ಲ. ಅವರಲ್ಲಿ ಬಹಳಷ್ಟು ಜನ ಮೇಷ್ಟ್ರುಗಳು, ವಿದ್ವಾಂಸರು. ಸಂದೇಶ ಬಿಡಿಸಿಕೊಟ್ಟರೆ ಸಾಕು, ಅದರ ಅರ್ಥ ನಾವು ನೋಡಿಕೊಳ್ಳುತ್ತೇವೆ ಎಂಬುದು ನೌಕಾಪಡೆಯವರ ಧೋರಣೆ. ನನ್ನ ಪ್ರಕಾರ ಎಲ್ಲ ಕೆಟ್ಟಿದ್ದು ಇಲ್ಲೇ.

ಶತ್ರು ಇನ್ನೂ ಬಂದರಿನಲ್ಲೇ ಇದ್ದಾನೆ ಎಂಬ ಸುದ್ದಿ ಜೆಲಿಕೊಗೆ ಹೋಯಿತು. ಅವರು ಇಂಧನ ಉಳಿಸಿಕೊಂಡು ನಿಧಾನಕ್ಕೆ ಸಾಗಿದರು. ಸಂಜೆ ಐದರೊಳಗೆ, ಮುಂದೆ ಹೋಗಿದ್ದ ಇನ್ನೊಬ್ಬ ಬ್ರಿಟಿಷ್ ಅಡ್ಮಿರಲ್ ಬೀಟಿ ಅವರ ಹಡಗುಗಳ ಎದುರಿಗೆ ಶೇರ್ ಪಡೆ ಪ್ರತ್ಯಕ್ಷ! ಇನ್ನು ಲಂಡನ್ನಿನ ಮಾತನ್ನು ಜೆಲಿಕೊ ನಂಬುತ್ತಾರಾ?

ಶೇರ್ ಮನೆಗೆ ಹೊರಟ ದಿಕ್ಕನ್ನು ಲಂಡನ್ ರಾತ್ರಿ 10.41ಕ್ಕೆ ಸರಿಯಾಗೇ ತಿಳಿಸಿತು. ಜೆಲಿಕೊ ನಂಬದೆ ದಕ್ಷಿಣಕ್ಕೇ ನಡೆದರು. ಜೆಲಿಕೊ ಅವರ ಬೆನ್ನ ಹಿಂದಿನಿಂದಲೇ ಶೇರ್ ನುಸುಳಿಹೋದರು. ತಾವು ಮನೆಗೆ ಮರಳುವ ದಾರಿಯಲ್ಲಿದ್ದ, ಡೆನ್ಮಾರ್ಕ್ ಕರಾವಳಿಯ ಹಾರ್ನ್ಸ್ ರೀಫ್ ಕಡೆ ಬೆಳಿಗ್ಗೆ ವಾಯುನೌಕೆ ಕಳಿಸಿ ಅಂತ ಶೇರ್ ಕೇಳಿದ್ದ ಸಂದೇಶವನ್ನೂ ರೂಮ್ 40 ಬಿಡಿಸಿತ್ತು. ಅದೊಂದು ಸಿಕ್ಕಿದ್ದರೆ ಜೆಲಿಕೊಗೆ ಅನುಮಾನ ಉಳಿಯುತ್ತಿರಲಿಲ್ಲ. ಅದನ್ನು ಮಾತ್ರ ಅವರಿಗೆ ಯಾರೂ ಕಳಿಸಲೇ ಇಲ್ಲ.